ವಿದೇಶದ ರೈಟರ್ಸ್ ರೆಸಿಡೆನ್ಸಿ: ಅರ್ಜಿಗಿಂತ ಮೊದಲು ಅನುವಾದ

ರೈಟರ್ಸ್ ರೆಸಿಡೆನ್ಸಿ ಎಂದರೆ ಲೇಖಕರು ಕೆಲವು ವಾರ ಇದ್ದು ಬರೆಯಲು ಜಾಗ ಕೊಡುವ ವ್ಯವಸ್ಥೆ. ಅದರ ಅರ್ಜಿ ಫಾರ್ಮ್ ಆಮೇಲೆ ತೆರೆಯಿರಿ. ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಕೂತು ಕನ್ನಡದಲ್ಲಿ ಬರೆಯುವವರಿಗೆ ಮೊದಲ ಕೆಲಸ ಒಳ್ಳೆಯ ಇಂಗ್ಲಿಷ್ ಅನುವಾದ. ಆಯ್ಕೆ ಸಮಿತಿಯಲ್ಲಿ ಕನ್ನಡ ಬಲ್ಲವರು ಇರುವುದು ತೀರ ಅಪರೂಪ. ಅವರ ಮುಂದಿರುವುದು ಹತ್ತು ಹದಿನೈದು ಪುಟದ ಇಂಗ್ಲಿಷ್ ಮಾದರಿ ಮಾತ್ರ. ಹೋಗಬೇಕೆಂದಿರುವ ದಿನಕ್ಕೆ ಒಂದೂವರೆ ವರ್ಷ ಇರುವಾಗಲೇ ಅನುವಾದಕರನ್ನು ಹಿಡಿಯಿರಿ. ಇಡೀ ಪುಸ್ತಕ ಬೇಡ, ಒಂದು ಕಥೆ ಅಥವಾ ಕಾದಂಬರಿಯ ಮೊದಲ ಅಧ್ಯಾಯ ಸಾಕು. ದುಡ್ಡು ಕೊಡಿ, ಮಾದರಿಯ ಮೇಲೆ ಅವರ ಹೆಸರೂ ಹಾಕಿ. 2025ರ ಅಂತರರಾಷ್ಟ್ರೀಯ ಬೂಕರ್ ಹಣವನ್ನು ಲೇಖಕಿ ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಸಮವಾಗಿ ಹಂಚಿಕೊಂಡದ್ದು ಸುಮ್ಮನೆ ಅಲ್ಲ.

ಮಾದರಿ ಕೆಡುವುದು ನಮ್ಮ ಆಡುಮಾತಿನ ಜಾಗದಲ್ಲೇ. ‘ಎರಿ ಹೊಲದಾಗ ಮಳಿ ಹೊಡದು ಕಾಲ ಕೀಳಾಕ ಬರವಲ್ದು’ ಎನ್ನುವ ಸಾಲನ್ನು ‘ಮಳೆಯಿಂದ ಹೊಲ ಕೆಸರಾಗಿತ್ತು’ ಎಂದು ಇಂಗ್ಲಿಷಿಗೆ ತಂದರೆ ಸಾಲು ಸತ್ತಂತೆ. ಅಡಿಟಿಪ್ಪಣಿ ಹಾಕಿದರೆ ಓದು ಅಲ್ಲೇ ನಿಲ್ಲುತ್ತದೆ. ‘ಎರಿ’ ಹಾಗೇ ಇರಲಿ. ಹಿಮ್ಮಡಕ್ಕೆ ಮೆತ್ತಿ ಹೆಜ್ಜೆಹೆಜ್ಜೆಗೂ ಭಾರವಾಗುವ ಕರಿಮಣ್ಣು ಮುಂದಿನ ಸಾಲಿನಲ್ಲಿ ಬಂದರೆ ಅರ್ಥ ತಾನೇ ತಿಳಿಯುತ್ತದೆ. ಹೀಗೆ ಒಂದೊಂದು ಸಾಲಿಗೂ ಅನುವಾದಕರ ಜೊತೆ ಕೂರಬೇಕು.

ಅಲ್ಲಿ ಏನು ಬರೆಯುತ್ತೀರಿ ಎಂದು ಅರ್ಜಿಯಲ್ಲಿ ಹೇಳುವ ಯೋಜನಾ ಟಿಪ್ಪಣಿಯಲ್ಲಿ ‘ಪ್ರಕೃತಿಯ ಮಡಿಲಲ್ಲಿ ಶಾಂತವಾಗಿ ಬರೆಯುವ ಆಸೆ’ ಎಂದು ಬರೆಯಬೇಡಿ, ಎಲ್ಲರೂ ಅದನ್ನೇ ಬರೆಯುತ್ತಾರೆ. ಕೊಪ್ಪಳ ಸೀಮೆಯ ತೊಗಲುಗೊಂಬೆಯಾಟದ ಮನೆತನವೊಂದರ ಕಾದಂಬರಿ ಅನ್ನಿ: ಮೂರು ಅಧ್ಯಾಯ ಮುಗಿದಿವೆ, ನಾಲ್ಕು ವಾರದಲ್ಲಿ ಮುಂದಿನ ಎರಡರ ಕರಡು ಆಗಬೇಕು, ತೊಡಕಿರುವುದು ಇಂಥಲ್ಲಿ. ಇಷ್ಟು ಖಚಿತವಾಗಿರಲಿ. ಶಿಫಾರಸು ಪತ್ರಕ್ಕೆ ಆರು ವಾರ ಮೊದಲೇ ಕೇಳಿ, ನಿಮ್ಮ ಟಿಪ್ಪಣಿಯನ್ನೂ ಜೊತೆಗೆ ಕಳಿಸಿ.

ಎಲ್ಲಿಗೆ? ಅಮೆರಿಕದ ಮ್ಯಾಕ್‌ಡೊವೆಲ್ ರೆಸಿಡೆನ್ಸಿ 1907ರಿಂದ ನಡೆದಿದೆ. ವಾಸ್ತವ್ಯಕ್ಕೆ ಹಣ ಕೇಳುವುದಿಲ್ಲ. ಸ್ಕಾಟ್ಲೆಂಡಿನ ಹಾಥಾರ್ನ್‌ಡೆನ್ ಕೋಟೆಯಲ್ಲಿ ಸುಮಾರು ಒಂದು ತಿಂಗಳು. ಜ್ಯೂರಿಕ್ ಹತ್ತಿರದ ಲೋರೆನ್ ಅನುವಾದಕರಿಗೆಂದೇ ಇರುವ ಮನೆ. ಇಟಲಿಯ ಚಿವಿತೆಲ್ಲಾ ರಾನಿಯೇರಿಗೆ ನಾವಾಗಿ ಅರ್ಜಿ ಹಾಕಲು ಬರುವುದಿಲ್ಲ, ಬೇರೆಯವರು ಹೆಸರು ಸೂಚಿಸಬೇಕು. ಎಲ್ಲೇ ಆದರೂ ಕೋಣೆ, ಊಟ, ವಿಮಾನದ ಟಿಕೆಟ್, ಕೈಖರ್ಚು ಈ ನಾಲ್ಕನ್ನೂ ಬೇರೆಬೇರೆಯಾಗಿ ಓದಿ. ‘ಉಚಿತ’ ಅಂದರೆ ಟಿಕೆಟ್ ಸೇರಿದೆ ಎಂದಲ್ಲ. ವಾರಕ್ಕೆ ಇಷ್ಟು ಬಾಡಿಗೆ ಎನ್ನುವ ಜಾಗಗಳನ್ನು ನಮ್ಮ ಲೆಕ್ಕದಲ್ಲಿ ಬಿಟ್ಟುಬಿಡುವುದೇ ಒಳ್ಳೆಯದು.

ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಕಥೆಯನ್ನು ಪೋರ್ಟಲ್‌ಗೆ ಅಂಟಿಸಿದರೆ ಬರೀ ಕಸ ಕಾಣುತ್ತದೆ. ಯೂನಿಕೋಡ್‌ಗೆ ತಿರುಗಿಸಿ, ಅರ್ಕಾವತ್ತು ಮತ್ತು ಒತ್ತಕ್ಷರ ಪಲ್ಲಟವಾಗಿವೆಯೇ ನೋಡಿ, ಆಮೇಲೆ ಪಿಡಿಎಫ್ ಮಾಡಿ. ಅರ್ಜಿ ಶುಲ್ಕ ಡಾಲರ್‌ನಲ್ಲಿದ್ದರೆ ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ವಹಿವಾಟನ್ನು ಮೊದಲೇ ಆನ್ ಮಾಡಿಡಿ. ನ್ಯೂಯಾರ್ಕ್ ಸಮಯದ ರಾತ್ರಿ 11:59 ಎಂದರೆ ಬೇಸಿಗೆಯಲ್ಲಿ ನಮಗೆ ಮರುದಿನ ಬೆಳಿಗ್ಗೆ 9:29, ಚಳಿಗಾಲದಲ್ಲಿ 10:29. ಅಲ್ಲಿಯವರೆಗೆ ಕಾಯಬೇಡಿ; ಕರೆಂಟು ನಿಮ್ಮ ಗಡುವು ನೋಡಿ ಹೋಗುವುದಿಲ್ಲ.

ಆಯ್ಕೆಯಾದ ಮೇಲೂ ಎಡವುವುದುಂಟು, ಹೆಸರಿನಲ್ಲಿ. ಆಹ್ವಾನ ಪತ್ರ ಕಾವ್ಯನಾಮಕ್ಕೆ ಬಂದಿರುತ್ತದೆ, ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿದ ಪೂರ್ತಿ ಹೆಸರಿರುತ್ತದೆ. ಪಾಸ್‌ಪೋರ್ಟಿನ ಹೆಸರನ್ನೇ ಅರ್ಜಿಯಲ್ಲೂ ಕೊಟ್ಟು, ಕಾವ್ಯನಾಮವನ್ನು ಪಕ್ಕದಲ್ಲಿ ಬರೆಯಿರಿ. ಇಟಲಿ, ಸ್ವಿಟ್ಜರ್ಲೆಂಡ್ ಸೇರಿ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಶೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಮಿತಿ 15 ದಿನ. ಕನಿಷ್ಠ 30,000 ಯೂರೋ ರಕ್ಷಣೆಯ ವೈದ್ಯಕೀಯ ವಿಮೆ ಬೇಕು. ಅಮೆರಿಕ ವೀಸಾ ಸಂದರ್ಶನಕ್ಕೆ ಹೈದರಾಬಾದ್ ಕಾನ್ಸುಲೇಟ್ ಆರಿಸಿಕೊಳ್ಳಿ, ರಾಯಚೂರಿನಿಂದ ನೇರ ರೈಲಿದೆ.