ಬೆನ್ನಿಗೊಂದು ಹಲಗೆ, ಮೈಗೊಪ್ಪುವ ಪಟ್ಟಿ: ಹೊಸ ಡೈವರ್ ಬ್ಯಾಕ್‌ಪ್ಲೇಟ್ ಆರಿಸುವುದು ಹೇಗೆ?

ಮೈಸೂರಿನಲ್ಲಿ ರಾತ್ರಿ ರೈಲು ಹತ್ತಿದರೆ ಮರುದಿನ ಮುರುಡೇಶ್ವರ. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ಹೋದರೆ ನೇತ್ರಾಣಿ ದ್ವೀಪ. ನಮ್ಮ ಕಡೆಯವರು ಸ್ಕೂಬಾ ಕಲಿಯಲು ಹೋಗುವ ಹತ್ತಿರದ ಕಡಲು ಅದೇ. ತರಬೇತಿ ಮುಗಿದು ಹತ್ತಾರು ಡೈವ್ ಆಗುವ ಹೊತ್ತಿಗೆ ಸಿಲಿಂಡರ್ ಹೊತ್ತು, ಗಾಳಿ ತುಂಬಿದಾಗ ತೇಲಿಸುವ ಬಾಡಿಗೆ ಜಾಕೆಟ್‌ನ ಕಿರಿಕಿರಿ ಶುರುವಾಗುತ್ತದೆ: ಗಾಳಿ ತುಂಬಿದರೆ ಎದೆ ಬಿಗಿಯುತ್ತದೆ, ಸಡಿಲ ಬಿಟ್ಟರೆ ಸಿಲಿಂಡರ್ ಅತ್ತಿತ್ತ ಹೊರಳುತ್ತದೆ. ಆಗ ಕಣ್ಣು ಬೀಳುವುದು ಬ್ಯಾಕ್‌ಪ್ಲೇಟ್ ಮತ್ತು ವಿಂಗ್ ಮೇಲೆ.

ಬೆನ್ನಿಗೆ ಲೋಹದ ಹಲಗೆ, ಅದರ ಸೀಳುಗಳಲ್ಲಿ ಹಾದುಬರುವ 5 ಸೆಂ.ಮೀ. ಅಗಲದ ಒಂದೇ ಉದ್ದನೆಯ ನೈಲಾನ್ ಪಟ್ಟಿ, ಹಲಗೆಗೂ ಸಿಲಿಂಡರಿಗೂ ನಡುವೆ ತೇಲಲು ನೆರವಾಗುವ ಗಾಳಿಚೀಲ. ಆ ಚೀಲಕ್ಕೇ ವಿಂಗ್ ಎನ್ನುತ್ತಾರೆ. ಫ್ಲಾರಿಡಾದ ಗುಹೆ ಡೈವರ್‌ಗಳ ಕೈಯಲ್ಲಿ ಪಳಗಿದ ಏರ್ಪಾಡು ಇದು. ಅವರಲ್ಲೊಬ್ಬರಾದ ವಿಲಿಯಂ ಹೊಗಾರ್ತ್ ಮೇನ್ ಅವರ ಹೆಸರಿನಿಂದಲೇ ಈ ಪಟ್ಟಿಗೆ ಹೊಗಾರ್ತಿಯನ್ ಹಾರ್ನೆಸ್ ಎಂಬ ಹೆಸರು ಬಂತು.

ಉಕ್ಕೋ, ಅಲ್ಯೂಮಿನಿಯಮ್ಮೋ?

ಉಕ್ಕಿನ ಹಲಗೆ ಎರಡೂವರೆಯಿಂದ ಮೂರು ಕೆ.ಜಿ., ಅಲ್ಯೂಮಿನಿಯಂನದು ಒಂದು ಕೆ.ಜಿ. ಆಸುಪಾಸು. ನೇತ್ರಾಣಿಯ ಬೆಚ್ಚನೆ ನೀರಿಗೆ 3 ಮಿ.ಮೀ. ದಪ್ಪದ ವೆಟ್‌ಸೂಟ್ (ಮೈ ಬೆಚ್ಚಗಿಡುವ ರಬ್ಬರಿನಂಥ ಉಡುಪು) ಸಾಕು. ಆ ಸೂಟ್, ಅಲ್ಯೂಮಿನಿಯಂ ಸಿಲಿಂಡರ್ ಹಾಕಿಕೊಂಡಾಗ ನಿಮ್ಮ ಸೊಂಟದ ಬೆಲ್ಟಿನಲ್ಲಿ ಮುಳುಗಲೆಂದು ಕಟ್ಟುವ ಸೀಸ ಎಷ್ಟು ಕೆ.ಜಿ. ಇರುತ್ತದೆ ಎಂದು, ಪ್ರತಿ ಡೈವ್‌ನ ವಿವರ ಬರೆದಿಡುವ ಡೈವ್ ಪುಸ್ತಕ ತೆಗೆದು ನೋಡಿ. ನಾಲ್ಕು ಕೆ.ಜಿ. ಇದ್ದರೆ ಉಕ್ಕಿನ ಹಲಗೆ ಅದರಲ್ಲಿ ಹೆಚ್ಚು ಪಾಲನ್ನು ಬೆನ್ನಿಗೆ ವರ್ಗಾಯಿಸುತ್ತದೆ, ಸೊಂಟ ಹಗುರಾಗುತ್ತದೆ. ಒಂದೇ ಕೆ.ಜಿ. ಸಾಕಾಗುವವರು ಅಲ್ಯೂಮಿನಿಯಂ ತೆಗೆದುಕೊಳ್ಳಬೇಕು. ಹಲಗೆಯ ತೂಕವನ್ನು ನೀರಿನಲ್ಲಿ ಕಳಚಿ ಬಿಡಲಾಗದು ಎಂಬುದು ನೆನಪಿರಲಿ. ಅಂಡಮಾನಿಗೆ ವಿಮಾನದಲ್ಲಿ ಹೋಗುವವರಿಗೂ ಲಗೇಜಿನ ಲೆಕ್ಕದಲ್ಲಿ ಅಲ್ಯೂಮಿನಿಯಮ್ಮೇ ವಾಸಿ.

ತೂಕ ಪರೀಕ್ಷಿಸುವುದು ಡೈವ್‌ನ ಕೊನೆಯಲ್ಲಿ. 11 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿಯೇ ಸುಮಾರು ಎರಡೂವರೆ ಕೆ.ಜಿ. ತೂಗುತ್ತದೆ. ಅದು ಖಾಲಿಯಾದಂತೆ ಅಲ್ಯೂಮಿನಿಯಂ ಸಿಲಿಂಡರ್ ತೇಲತೊಡಗುತ್ತದೆ. 50 ಬಾರ್ ಉಳಿದಿರುವಾಗ, ವಿಂಗ್ ಖಾಲಿ ಮಾಡಿ 5 ಮೀಟರ್ ಆಳದಲ್ಲಿ ಅಲ್ಲಾಡದೆ ನಿಲ್ಲಲು ಆದರೆ ತೂಕ ಸರಿಯಿದೆ.

ದೊಡ್ಡ ವಿಂಗ್ ಬೇಡ

ಹೆಚ್ಚು ಎತ್ತುವ ವಿಂಗ್ ಹೆಚ್ಚು ಸುರಕ್ಷಿತ ಎಂದು ಹೊಸಬರು ನಂಬುತ್ತಾರೆ. ಅದು ತಪ್ಪು. ಜೋಡಿ ಸಿಲಿಂಡರಿಗೆಂದು ಮಾಡಿದ ಅಗಲದ ವಿಂಗನ್ನು ಒಂಟಿ ಸಿಲಿಂಡರಿಗೆ ಕಟ್ಟಿದರೆ ಅದರ ಅಂಚುಗಳು ಸಿಲಿಂಡರನ್ನು ಅಪ್ಪಿ ಮಡಚಿಕೊಂಡು ಒಳಗೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಬೆಚ್ಚನೆ ನೀರಿನಲ್ಲಿ ಒಂಟಿ ಸಿಲಿಂಡರಿಗೆ 13 ಕೆ.ಜಿ. ಎತ್ತುವ, ಉದ್ದಿನವಡೆಯಂತೆ ಸುತ್ತಲೂ ಕೂಡಿಕೊಂಡ ವಿಂಗ್ ಧಾರಾಳ.

ಪಟ್ಟಿ ಹೊಂದಿಸುವುದು

ಕೆಲಸವೆಲ್ಲ ಇರುವುದು ಇಲ್ಲೇ. ಹೊಸ ಪಟ್ಟಿ ಚಕ್ಕಳದಷ್ಟು ಬಿರುಸು. ಬಕೆಟ್ ನೀರಿನಲ್ಲಿ ನೆನೆಸಿ, ಚಮಚದ ಹಿಡಿಯಿಂದ ತಳ್ಳುತ್ತಾ ಪಟ್ಟಿ ಜಾರದಂತೆ ಹಿಡಿಯುವ ಲೋಹದ ತಡೆಗಳಲ್ಲಿ ತೂರಿಸಿ. ಸ್ಕೂಲ್ ಬ್ಯಾಗಿಗೆ ಹಾಕುವ ಮೆತ್ತನೆ ಪಟ್ಟಿ ತಂದು ಹೊಲಿಸುವುದು ಬೇಡ. ಅದರಲ್ಲಿ ಡಿ-ರಿಂಗ್ (ಸಲಕರಣೆ ಸಿಕ್ಕಿಸುವ ಡಿ ಆಕಾರದ ಲೋಹದ ಬಳೆ) ಒಂದೆಡೆ ನಿಲ್ಲುವುದಿಲ್ಲ.

ಅಳತೆ ತೆಗೆಯುವಾಗ ವೆಟ್‌ಸೂಟ್ ಮೈಮೇಲಿರಲೇಬೇಕು. ನಾನು ಬನಿಯನ್ ಮೇಲೆ ಅಳೆದು, ಉಳಿದ ತುದಿಯನ್ನು ಅವತ್ತೇ ಕತ್ತರಿಸಿಬಿಟ್ಟಿದ್ದೆ. ದೋಣಿಯಲ್ಲಿ ಸೂಟ್ ತೊಟ್ಟ ಮೇಲೆ ಬಕಲ್ ಹಾಕಲು ನಾಲ್ಕು ಬೆರಳು ಪಟ್ಟಿ ಸಾಲದೆ, ಆ ಡೈವ್ ಬಾಡಿಗೆ ಜಾಕೆಟ್‌ನಲ್ಲೇ ಆಯಿತು.

ಮೊದಲು ಹಲಗೆಯ ಎತ್ತರ. ಕತ್ತಿನ ಹಿಂದೆ ಕೈ ಹಾಕಿದರೆ ಅದರ ಮೇಲಂಚು ಬೆರಳಿಗೆ ತಾಗಬೇಕು. ಕೆಳಗಿಳಿದರೆ ಸಿಲಿಂಡರಿನ ವಾಲ್ವ್ ಕೈಗೆಟುಕದು. ಹೆಗಲ ಪಟ್ಟಿ ಮೈಗೆ ಕೂತಿರಲಿ, ಆದರೆ ಬಿಗಿಯಬಾರದು: ಬಕಲ್ ಬಿಚ್ಚಿದ ಮೇಲೆ ಎಡತೋಳು ಮಡಚಿ ಸಲೀಸಾಗಿ ಹೊರಗೆ ತೆಗೆಯಲು ಬರಬೇಕು. ಬಹಳ ಜನ ಎಡವುವುದು ಇಲ್ಲೇ. ಜಾಕೆಟ್ ಅಭ್ಯಾಸದಲ್ಲಿ ಎಳೆದೆಳೆದು ಬಿಗಿಯುತ್ತಾರೆ, ಆಮೇಲೆ ಕಳಚಲು ಒದ್ದಾಡುತ್ತಾರೆ. ಎದೆಯ ಡಿ-ರಿಂಗ್‌ಗಳು ಕಂಕುಳ ಮೇಲ್ಮಟ್ಟದಲ್ಲಿರಲಿ, ಎದುರು ಕೈಗೆ ತಡಕದೆ ಸಿಗುವಂತೆ. ತೊಡೆಸಂದಿನ ಪಟ್ಟಿ ಹಲಗೆಯನ್ನು ಮೇಲಕ್ಕೆ ಜಾರದಂತೆ ಹಿಡಿಯುತ್ತದೆ. ಪೂರ್ತಿ ಬಗ್ಗಿದಾಗ ನೋಯದಷ್ಟು ಸಡಿಲ ಬಿಡಿ.

ಇದೆಲ್ಲವನ್ನೂ ಕಡಲಿಗೆ ಒಯ್ಯುವ ಮುನ್ನ ಈಜುಕೊಳದಲ್ಲಿ, ತರಬೇತುದಾರರ ಎದುರು, ಕೊಳದವರ ಅನುಮತಿ ಪಡೆದು ಪರೀಕ್ಷಿಸಿ. ಕನ್ನಂಬಾಡಿ ಹಿನ್ನೀರಿಗೋ ನಾಲೆಗೋ ಇಳಿಯುವ ಯೋಚನೆ ಖಂಡಿತ ಬೇಡ. ಮನೆಯಲ್ಲೇ ಆಗುವ ಪರೀಕ್ಷೆಯೂ ಒಂದಿದೆ: ವಿಂಗಿಗೆ ಗಾಳಿ ತುಂಬಿ ರಾತ್ರಿಯಿಡೀ ಬಿಡಿ, ಬೆಳಗ್ಗೆ ಮೆತ್ತಗಾಗಿದ್ದರೆ ಎಲ್ಲೋ ಸೋರುತ್ತಿದೆ.

ಐದಾರು ಡೈವ್ ಆಗಿ ಪಟ್ಟಿ ಮೈಗೆ ಪಳಗಿದ ಮೇಲೆ, ಒಂದು ಗೇಣು ಉಳಿಸಿ ತುದಿ ಕತ್ತರಿಸಿ. ಓರೆಯಾಗಿ ಕತ್ತರಿಸಿದರೆ ಬಕಲಿನಲ್ಲಿ ಸುಲಭವಾಗಿ ತೂರುತ್ತದೆ. ಎಳೆ ಬಿಚ್ಚದಂತೆ ಅಂಚನ್ನು ಮೇಣದಬತ್ತಿಯ ಉರಿಗೆ ಹಿಡಿಯಿರಿ. ಕರಗಿದ ಅಂಚು ಕಪ್ಪಗೆ, ಗಾಜಿನಂತೆ ಗಟ್ಟಿಯಾಗುವವರೆಗೆ ಬೆರಳು ತಾಗಿಸಬೇಡಿ.