ಆಷಾಢದಲ್ಲಿ ಅಂಗಡಿಯ ಕಂಪ್ಯೂಟರ್ ಡ್ರೈವರ್ ಬದಲಾಯಿಸಿದೆ

ವೈಶಾಖದ ಲಗ್ನದ ಸೀಸನ್. ಬೆಳಗ್ಗೆ ಅಂಗಡಿ ಬಾಗಿಲು ತೆಗೆದು ಕಂಪ್ಯೂಟರ್ ಆನ್ ಮಾಡಿದೆ. ಲೋಗೊ ಬಂತು, ಹೋಯಿತು. ಆಮೇಲೆ ಪರದೆ ಪೂರ್ತಿ ಕಪ್ಪು. ಎಡಗಡೆ ಮೇಲ್ತುದಿಯಲ್ಲಿ ಒಂದು ಸಣ್ಣ ಗೆರೆ ಮಿನುಗುತ್ತಿತ್ತು, ಅಷ್ಟೇ.

ಪಾಂಡವಪುರದ ಕಡೆಯಿಂದ ಬಂದ ಯಜಮಾನರೊಬ್ಬರು ಬೆಂಚಿನ ಮೇಲೆ ಕೂತಿದ್ದರು. ಮಗಳ ಮದುವೆ. 600 ಪತ್ರಿಕೆ. "ಪ್ರೂಫ್ ಒಂದ್ಸಲ ನೋಡ್ಬುಡ್ತೀನಿ ಕಣಪ್ಪ, ಗಂಡಿನ ಕಡೆಯವರ ಹೆಸ್ರು ತಪ್ಪಾಗ್ಬಾರ್ದು" ಅಂದರು. ಅವರ ಪ್ರೂಫ್ ಆ ಕಪ್ಪು ಪರದೆಯ ಹಿಂದೆ ಸಿಕ್ಕಿಕೊಂಡಿತ್ತು.

ಮಂಡ್ಯದಲ್ಲಿ ನಮ್ಮದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಫ್ಲೆಕ್ಸ್, ಬಿಲ್ ಬುಕ್, ಜಾತ್ರೆಯ ಕರಪತ್ರ ಮಾಡುತ್ತೇವೆ. ಮೂರು ಕಂಪ್ಯೂಟರ್ ಇವೆ, ಮೂರರಲ್ಲೂ ವಿಂಡೋಸ್ ಬದಲು ಉಬುಂಟು, ಲಿನಕ್ಸ್‌ನ ಒಂದು ಬಗೆ. ಡಿಸೈನ್‌ಗೆ ಇಂಕ್‌ಸ್ಕೇಪ್, ಪುಟ ಜೋಡಿಸಲು ಸ್ಕ್ರೈಬಸ್. ಪರದೆಗೆ ಚಿತ್ರ ಕಳಿಸುವುದು ಗ್ರಾಫಿಕ್ಸ್ ಕಾರ್ಡು, ಅದನ್ನು ನಡೆಸುವ ಸಾಫ್ಟ್‌ವೇರ್ ಡ್ರೈವರ್. ಆ ಡ್ರೈವರ್ ಯಾರು ಬರೆದದ್ದು, ಅದು ಓಪನ್ ಸೋರ್ಸೋ (ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದದ್ದೋ) ಅಲ್ಲವೋ ಎಂದು ಆ ದಿನದವರೆಗೆ ನಾನು ಯೋಚಿಸಿಯೇ ಇರಲಿಲ್ಲ. ಚಿತ್ರ ಕಾಣಿಸಿದರೆ ಸಾಕಿತ್ತು.

ಇಂಜಿನಿಯರಿಂಗ್ ಓದುತ್ತಿರುವ ನನ್ನ ಸೋದರಳಿಯನಿಗೆ ಫೋನ್ ಮಾಡಿದೆ. "ಮಾವ, ಆನ್ ಮಾಡೋವಾಗ ಶಿಫ್ಟ್ ಕೀ ಒತ್ತಿ ಹಿಡ್ಕೊಳ್ಳಿ. ಪಟ್ಟಿ ಬರುತ್ತೆ. ಅಡ್ವಾನ್ಸ್‌ಡ್ ಆಪ್ಷನ್ಸ್ ಒಳಗೆ ಹೋಗಿ ಹಳೇ ಕರ್ನಲ್ ಆರಿಸಿ" ಅಂದ. ಕರ್ನಲ್ ಅಂದರೆ ಉಬುಂಟುವಿನ ತಿರುಳು, ಯಂತ್ರದ ಭಾಗಗಳನ್ನೆಲ್ಲ ನಡೆಸುವುದು ಅದೇ. ಅಳಿಯ ಹೇಳಿದ ಹಾಗೇ ಮಾಡಿದೆ, ಪರದೆ ಬಂತು. ಯಜಮಾನರು ಪ್ರೂಫ್ ನೋಡಿ, ಒಂದು ಹೆಸರಿಗೆ ದೀರ್ಘ ಹಾಕಿಸಿ ಹೊರಟರು. ಹೊಸ ಯಂತ್ರಗಳಲ್ಲಿ ಶಿಫ್ಟ್ ಬದಲು ಎಸ್ಕೇಪ್ ಕೀ ಒತ್ತಬೇಕು. ಇದನ್ನು ಬರೆದಿಟ್ಟುಕೊಳ್ಳಿ, ಒಂದಲ್ಲ ಒಂದು ದಿನ ಬೇಕಾಗುತ್ತದೆ.

ಸಂಜೆ ಅಳಿಯ ಬಂದು ಕಾರಣ ಬಿಡಿಸಿ ಹೇಳಿದ. ಹಿಂದಿನ ದಿನ ಕರ್ನಲ್ ಅಪ್‌ಡೇಟ್ ಆಗಿತ್ತು. ನಮ್ಮ ಕಾರ್ಡಿನ ಡ್ರೈವರ್ ಅದನ್ನು ತಯಾರಿಸಿದ ಕಂಪನಿಯೇ ಕೊಟ್ಟದ್ದು, ಮುಚ್ಚಿದ ಡಬ್ಬಿಯ ಥರ. ಒಳಗೆ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ. ಸುತ್ತಲಿನ ಒಂದು ತೆಳು ಪದರ ಮಾತ್ರ ಪ್ರತಿ ಹೊಸ ಕರ್ನಲ್‌ಗೂ ಮತ್ತೆ ಕಂಪೈಲ್ ಆಗಿ, ಅಂದರೆ ಕೋಡ್‌ನಿಂದ ಹೊಸದಾಗಿ ತಯಾರಾಗಿ, ಹೊಂದಿಕೊಳ್ಳಬೇಕು. ಕರ್ನಲ್ ಒಳಗಡೆ ಬದಲಾಗುತ್ತಲೇ ಇರುತ್ತದೆ. ಆ ಹಳೇ ಕಾರ್ಡಿಗೆ ಹೊಸ ಡ್ರೈವರ್ ಬಿಡುವುದನ್ನು ಕಂಪನಿ ನಿಲ್ಲಿಸಿತ್ತು. ಹಾಗಾಗಿ ಪದರ ಹೊಂದಿಕೊಳ್ಳಲಿಲ್ಲ, ಪರದೆ ಬರಲಿಲ್ಲ. ಕಾರ್ಡು ಮಾತ್ರ ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿತ್ತು.

ಮನೆಯಲ್ಲಿ ಅಪ್ಪನಿಗೆ ಹೇಳಿದೆ. "ಕೆಟ್ಟಿಲ್ಲ ಅಂತೀಯ, ಮತ್ಯಾಕೆ ಎಸೀಬೇಕು? ಮೋಟ್ರು ಸುಟ್ಟೋದ್ರೆ ವೈಂಡಿಂಗ್ ಕಟ್ಟಿಸಲ್ವಾ?" ಅಂತ ಕೇಳಿದರು. ನಮ್ಮ ಗದ್ದೆಯ ಪಂಪ್‌ಸೆಟ್ಟನ್ನು ಎಷ್ಟು ಸಲ ಬಿಚ್ಚಿ ಕಟ್ಟಿಸಿದ್ದೇವೋ ಲೆಕ್ಕವಿಲ್ಲ. ಮೋಟಾರ್ ಮಾಡಿದವರು ಅಂಗಡಿ ಮುಚ್ಚಿದರೂ ಊರಿನ ಮೆಕ್ಯಾನಿಕ್ ಅದನ್ನು ಬಿಚ್ಚಬಲ್ಲ. ಡ್ರೈವರ್‌ನ ಸೋರ್ಸ್ ಕೋಡ್ ತೆರೆದಿದ್ದರೆ ಅದೂ ಹಾಗೇ. ಕಂಪನಿ ಕೈಬಿಟ್ಟರೂ ಬಲ್ಲವರು ಯಾರಾದರೂ ಹೊಸ ಕರ್ನಲ್‌ಗೆ ಹೊಂದಿಸುತ್ತಾರೆ. ಅಪ್ಪ ಕೇಳಿದ್ದು ಸರಿಯಾಗಿಯೇ ಇತ್ತು.

ಸೀಸನ್ ಮುಗಿಯುವವರೆಗೆ ಹಳೇ ಕರ್ನಲ್‌ನಲ್ಲೇ ನಡೆಸಿದೆ. ಆಷಾಢ ಬಂತು. ಮದುವೆ ಇಲ್ಲ, ಅಂಗಡಿಯಲ್ಲಿ ಕೆಲಸ ಕಡಿಮೆ. ಆಗ ಕೂತೆವು.

ಮೊದಲು ಮೂರೂ ಯಂತ್ರಗಳಲ್ಲಿ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆಗೆದು ಎಲ್‌ಎಸ್‌ಪಿಸಿಐ ಕಮಾಂಡನ್ನು 'ಕೆ' ಆಯ್ಕೆಯ ಜೊತೆ ಕೊಟ್ಟೆವು. ಕಾರ್ಡಿನ ಹೆಸರಿನ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಎಂಬ ಸಾಲು ಬರುತ್ತದೆ. ಯಾವ ಡ್ರೈವರ್ ಓಡುತ್ತಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ಬಿಲ್ ಹಾಕುವ ಯಂತ್ರದಲ್ಲಿ ಐ915 ಎಂದು ಬಂತು. ಅದು ಇಂಟೆಲ್‌ನವರ ಓಪನ್ ಸೋರ್ಸ್ ಡ್ರೈವರ್. ಇಷ್ಟು ವರ್ಷ ಅದು ಒಂದು ದಿನವೂ ತಕರಾರು ಮಾಡಿರಲಿಲ್ಲ, ಅದಕ್ಕೇ ನನ್ನ ಗಮನಕ್ಕೆ ಬಂದಿರಲಿಲ್ಲ.

ಹಳೇ ಕಾರ್ಡಿನ ಯಂತ್ರದಲ್ಲಿ ಮುಚ್ಚಿದ ಡ್ರೈವರನ್ನು ತೆಗೆದುಹಾಕಿ ರೀಬೂಟ್ ಮಾಡಿದೆವು. ಪರದೆ ಬಂತು, ಆದರೆ ಅಕ್ಷರಗಳೆಲ್ಲ ದಪ್ಪ ದಪ್ಪ. 1024 ಬೈ 768ರಲ್ಲಿ ನಿಂತುಬಿಟ್ಟಿತ್ತು. ಅರ್ಧ ದಿನ ತಲೆ ಕೆಡಿಸಿಕೊಂಡೆವು. ಕೊನೆಗೆ, ಯಾವ ಡ್ರೈವರ್ ಲೋಡ್ ಆಗಬೇಕು ಎಂಬ ಸೂಚನೆಗಳಿರುವ ಮಾಡ್‌ಪ್ರೋಬ್ ಫೋಲ್ಡರಿನಲ್ಲಿ ಒಂದು ಫೈಲ್ ಸಿಕ್ಕಿತು. ಓಪನ್ ಸೋರ್ಸ್ ಡ್ರೈವರ್ ಲೋಡ್ ಆಗಬಾರದು ಎಂದು ಅದರಲ್ಲಿ 'ಬ್ಲ್ಯಾಕ್‌ಲಿಸ್ಟ್' ಎಂಬ ಒಂದು ಸಾಲಿತ್ತು. ಹಳೇ ಡ್ರೈವರ್ ಹಾಕಿದಾಗ ಬಂದು ಕೂತಿದ್ದ ಸಾಲು ಅದು ಹೋದ ಮೇಲೂ ಉಳಿದುಕೊಂಡಿತ್ತು. ಅಳಿಸಿದೆವು. ಯಂತ್ರ ಆನ್ ಆಗುವಾಗ ಮೊದಲು ಬಳಸುವ ಇನಿಟ್‌ರಾಮ್‌ಎಫ್‌ಎಸ್ ಎಂಬ ಫೈಲನ್ನು ಮತ್ತೆ ಕಟ್ಟಿಸಿ ರೀಬೂಟ್ ಮಾಡಿದಾಗ ಪರದೆ ಪೂರ್ತಿ ಅಳತೆಗೆ ಬಂತು. 'ಶ್ರೀ'ಯ ಸುರುಳಿ ನುಣ್ಣಗೆ ಕಂಡಾಗ ಆದ ಖುಷಿ ಅಷ್ಟಿಷ್ಟಲ್ಲ.

ಆದರೂ ದೊಡ್ಡ ಫ್ಲೆಕ್ಸ್ ಫೈಲ್‌ಗೆ ಆ ಕಾರ್ಡಿನ ವೇಗ ಸಾಲದು. ಅದನ್ನು ಬಿಲ್ ಯಂತ್ರಕ್ಕೆ ಹಾಕಿ ಎರಡನೇ ಮಾನಿಟರ್ ಓಡಿಸಿದೆ. ಡಿಸೈನ್ ಯಂತ್ರಕ್ಕೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ಎಎಂಡಿ ಆರ್‌ಎಕ್ಸ್ 550 ಸೆಕೆಂಡ್ ಹ್ಯಾಂಡ್ ತಂದೆ. 2017ರ ಕಾರ್ಡು. ಸುಮಾರು 50 ವ್ಯಾಟ್ ಸಾಕು. ನಾನು ತಂದದ್ದಕ್ಕೆ ಬೇರೆ ಪವರ್ ಕೇಬಲ್ ಬೇಡ, ಕಂಪ್ಯೂಟರಿಗೆ ಕರೆಂಟ್ ಕೊಡುವ ಹಳೇ ಎಸ್‌ಎಂಪಿಎಸ್‌ನಲ್ಲೇ ನಡೆಯುತ್ತದೆ. ಸ್ಲಾಟ್‌ಗೆ ಒತ್ತಿ ಆನ್ ಮಾಡಿದೆ, ಕೆಲಸ ಶುರು. ಡ್ರೈವರ್ ಹಾಕುವ ಮಾತೇ ಇಲ್ಲ. ಅದು ಕರ್ನಲ್ ಒಳಗೇ ಇದೆ.

ಇದು ಸುಮ್ನೆ ಆದದ್ದಲ್ಲ. ಗ್ರಾಫಿಕ್ಸ್ ಚಿಪ್ ಮಾಡುತ್ತಿದ್ದ ಎಟಿಐ ಕಂಪನಿಯನ್ನು 2006ರಲ್ಲಿ ಕೊಂಡ ಎಎಂಡಿ, 2007ರಲ್ಲಿ ಓಪನ್ ಸೋರ್ಸ್ ಡ್ರೈವರ್‌ಗೆ ಬೆಂಬಲ ಕೊಡುವುದಾಗಿ ಹೇಳಿ, ಚಿಪ್‌ಗಳ ದಾಖಲೆಗಳನ್ನೂ ಹೊರಗೆ ಬಿಡತೊಡಗಿತು. ಈಗಿನ ಎಎಂಡಿಜಿಪಿಯು ಡ್ರೈವರ್ 2015ರಲ್ಲಿ ಲಿನಕ್ಸ್ 4.2ರ ಜೊತೆ ಬಂತು. ಅದರ ಮೇಲೆ ಚಿತ್ರ ಬಿಡಿಸುವ ಕೆಲಸ ಮೆಸಾ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರಿನದು. ಮೆಸಾವನ್ನು ಬ್ರಯಾನ್ ಪಾಲ್ 1993ರಲ್ಲಿ ಬರೆಯಲು ಶುರು ಮಾಡಿದವರು. ಅಷ್ಟು ವರ್ಷಗಳ ದುಡಿಮೆ ನನ್ನ ಅಂಗಡಿಯಲ್ಲಿ ಒಂದು ಪೈಸೆ ಖರ್ಚಿಲ್ಲದೆ ಓಡುತ್ತಿದೆ. ಅವರಿಗೆಲ್ಲ ನಾನು ಋಣಿ.

ಮೂರನೆಯದು ಮದುವೆ ವಿಡಿಯೊ ಎಡಿಟ್ ಮಾಡುವ ಯಂತ್ರ. ಅದರಲ್ಲಿರುವುದು ಎನ್‌ವಿಡಿಯಾ ಜಿಟಿಎಕ್ಸ್ 1650. ಎನ್‌ವಿಡಿಯಾ 2022ರ ಮೇ ತಿಂಗಳಲ್ಲಿ, 515ನೇ ಡ್ರೈವರ್ ಜೊತೆ, ತನ್ನ ಕರ್ನಲ್ ಮಾಡ್ಯೂಲ್‌ಗಳ (ಡ್ರೈವರಿನಲ್ಲಿ ಕರ್ನಲ್ ಜೊತೆ ಸೇರುವ ಭಾಗ) ಸೋರ್ಸ್ ಕೋಡನ್ನು ಜಿಪಿಎಲ್ ಮತ್ತು ಎಂಐಟಿ ಎಂಬ ಓಪನ್ ಸೋರ್ಸ್ ಲೈಸೆನ್ಸ್‌ಗಳಲ್ಲಿ ತೆರೆಯಿತು. ಅದು ಟ್ಯೂರಿಂಗ್ ಎಂಬ ಪೀಳಿಗೆಯ ಮತ್ತು ಅದರ ನಂತರದ ಕಾರ್ಡುಗಳಿಗೆ ಮಾತ್ರ. 1650 ಟ್ಯೂರಿಂಗೇ. ಉಬುಂಟುವಿನ ಡ್ರೈವರ್ ಪಟ್ಟಿಯಲ್ಲಿ ಹೆಸರಿನ ಕೊನೆಗೆ 'ಓಪನ್' ಎಂದಿದ್ದದ್ದನ್ನು ಆರಿಸಿದೆ, ಹತ್ತು ನಿಮಿಷದ ಕೆಲಸ. 2024ರ 560ನೇ ಡ್ರೈವರ್‌ನಿಂದ ಎನ್‌ವಿಡಿಯಾದವರೇ ಇದನ್ನು ಮೊದಲ ಆಯ್ಕೆ ಮಾಡಿದ್ದಾರೆ.

ಆದರೆ ಇಲ್ಲಿ ಒಂದು ಮಾತು ಹೇಳಲೇಬೇಕು. ತೆರೆದದ್ದು ಕರ್ನಲ್ ಭಾಗ ಮಾತ್ರ. ಚಿತ್ರ ಬಿಡಿಸುವ ಓಪನ್‌ಜಿಎಲ್, ವಲ್ಕನ್ ಮತ್ತು ಲೆಕ್ಕ ಮಾಡಿಸುವ ಕುಡಾ ಭಾಗಗಳು ಇನ್ನೂ ಮುಚ್ಚಿವೆ. ಮೊದಲು ಡ್ರೈವರ್ ಮಾಡುತ್ತಿದ್ದ ಕೆಲಸದಲ್ಲಿ ಬಹಳಷ್ಟು ಕಾರ್ಡಿನೊಳಗಿನ ಜಿಎಸ್‌ಪಿ ಎಂಬ ಪ್ರೊಸೆಸರಿನ ಫರ್ಮ್‌ವೇರ್‌ಗೆ, ಅಂದರೆ ಕಾರ್ಡಿನೊಳಗೇ ಓಡುವ ಸಾಫ್ಟ್‌ವೇರಿಗೆ, ಹೋಗಿದೆ. ಅದರ ಸೋರ್ಸೂ ಸಿಗುವುದಿಲ್ಲ. ಎಎಂಡಿ ಕಾರ್ಡಿಗೂ ಮುಚ್ಚಿದ ಫರ್ಮ್‌ವೇರ್ ಬೇಕೇ ಬೇಕು. ಹೊಸ ಕರ್ನಲ್ ಬಂದಾಗ ಮುರಿಯುವ ಜಾಗ ತೆರೆದಿದೆಯಲ್ಲ, ನನ್ನಂಥ ಅಂಗಡಿಯವನಿಗೆ ಅದು ದೊಡ್ಡ ಸಹಾಯ. ಪೂರ್ತಿ ಸ್ವಾತಂತ್ರ್ಯ ಎಂದು ಮಾತ್ರ ನಾನು ಕರೆಯಲಾರೆ.

ಆಮೇಲೆ ಒಮ್ಮೆ, ಮೂರರಲ್ಲಿ ಒಂದು ಯಂತ್ರದಲ್ಲಿ, ಅಪ್‌ಡೇಟ್ ಆದ ಮೇಲೆ ಫ್ಲೆಕ್ಸ್ ಝೂಮ್ ಮಾಡಿದರೆ ಬಣ್ಣದ ಚೌಕಗಳು ಹಾರಾಡುತ್ತಿದ್ದವು. ಅಳಿಯ ಹುಡುಕಿದ. ಅದೇ ತೊಂದರೆಯನ್ನು ಯಾರೋ ಆಗಲೇ ಬರೆದಿದ್ದರು. ಕೆಳಗೆ ಒಬ್ಬರು ಯಾವ ಸಾಲು ತಪ್ಪು, ಏನು ತಿದ್ದಬೇಕು ಎಂದು ಕೋಡ್ ಸಮೇತ ಹಾಕಿದ್ದರು. ಕೆಲವು ದಿನ ಹಿಂದಿನ ಆವೃತ್ತಿಯಲ್ಲಿ ನಡೆಸಿದೆ, ಮುಂದಿನದರಲ್ಲಿ ಸರಿಹೋಯಿತು. ಆ ತಿದ್ದಿದ ಸಾಲನ್ನು ಅಪ್ಪನಿಗೂ ತೋರಿಸಿದೆ. "ಇಷ್ಟೇಯಾ?" ಅಂದರು.

ಈಗ ನಮ್ಮ ಬೀದಿಯ ಸ್ಟುಡಿಯೊದವರು ತಮ್ಮದನ್ನೂ ಮಾಡಿಕೊಡಿ ಎಂದಿದ್ದಾರೆ. ಅವರ ಕಾರ್ಡು ಜಿಟಿಎಕ್ಸ್ 1050, ಟ್ಯೂರಿಂಗ್‌ಗಿಂತ ಹಿಂದಿನದು. 'ಓಪನ್' ಎಂದಿರುವುದು ಅದಕ್ಕೆ ಕೂರುವುದಿಲ್ಲ. ಅವರಿಗೂ ಒಂದು ಆರ್‌ಎಕ್ಸ್ 550 ನೋಡೋಣ ಎಂದು ಹೇಳಿದ್ದೇನೆ. ಬರುವ ಭಾನುವಾರ ಅಳಿಯನ ಜೊತೆ ಎಸ್‌ಪಿ ರೋಡಿಗೆ ಹೋಗಬೇಕು.