ಎಲ್ಕ್ ಬೇಟೆಗೆ ಫ್ರೇಮ್ ಇರುವ ದೊಡ್ಡ ಬ್ಯಾಕ್‌ಪ್ಯಾಕ್ ಆರಿಸುವ ಬಗೆ

ಕೊಲರಾಡೊ, ಮೊಂಟಾನಾ, ಐಡಹೊ ರಾಜ್ಯಗಳ ಬೆಟ್ಟಗಾಡಿಗೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆಂದು ಹೋಗುವವರು ರಸ್ತೆ ಮುಗಿಯುವಲ್ಲಿ ವಾಹನ ನಿಲ್ಲಿಸಿ, ಐದಾರು ದಿನಗಳಿಗೆ ಬೇಕಾಗುವ ಆಹಾರ, ಡೇರೆ, ಸ್ಲೀಪಿಂಗ್ ಬ್ಯಾಗುಗಳನ್ನು ಬೆನ್ನಿಗೇರಿಸಿಕೊಂಡು ಹಲವು ಕಿಲೋಮೀಟರ್ ಒಳಕ್ಕೆ ನಡೆಯುತ್ತಾರೆ. ಬೇಟೆ ಸಿಕ್ಕರೆ ಅದೇ ದಾರಿಯಲ್ಲಿ ಮಾಂಸವನ್ನೂ ಹೊತ್ತು ತರಬೇಕಾಗುತ್ತದೆ. 1964ರ ವೈಲ್ಡರ್ನೆಸ್ ಕಾಯಿದೆಯಡಿ ಘೋಷಿತವಾದ ಪ್ರದೇಶಗಳಲ್ಲಿ ಮೋಟಾರು ವಾಹನಗಳಿಗೆ ಮಾತ್ರವಲ್ಲದೆ ಚಕ್ರವಿರುವ ಕೈಗಾಡಿಗೂ ಅವಕಾಶವಿಲ್ಲದ ಕಾರಣ, ಕುದುರೆಯನ್ನೋ ಹೇಸರಗತ್ತೆಯನ್ನೋ ಗೊತ್ತುಮಾಡಿಕೊಳ್ಳದವರು ತಮ್ಮ ಬೆನ್ನನ್ನೇ ನೆಚ್ಚಬೇಕು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಬೇಟೆ ನಿಷಿದ್ಧವಾಗಿರುವುದರಿಂದ, ಅಮೆರಿಕದ ಆ ರಾಜ್ಯಗಳಲ್ಲಿ ನೆಲೆಸಿ, ಅಲ್ಲಿನ ಪರವಾನಗಿ ಪಡೆದು, ಮೊದಲ ಬಾರಿಗೆ ಇಂಥ ಬೇಟೆಗೆ ಸಿದ್ಧರಾಗುತ್ತಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಪ್ಯಾಕ್ ಕೊಳ್ಳುವಾಗ ಬಹುತೇಕರು ಮೊದಲು ಕೇಳುವುದು ಅದು ಎಷ್ಟು ಲೀಟರಿನದು ಎಂಬುದನ್ನು. ನನ್ನ ಅಭಿಪ್ರಾಯದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಬಲಿತ ಗಂಡು ಎಲ್ಕ್ ಸುಮಾರು 300 ಕೆ.ಜಿ. ತೂಗುತ್ತದೆ, ಮೂಳೆ ಬಿಡಿಸಿದ ಮೇಲೂ ಅದರಿಂದ ಸುಮಾರು 90ರಿಂದ 110 ಕೆ.ಜಿ. ಮಾಂಸ ದೊರೆಯುತ್ತದೆ. ಒಬ್ಬರೇ ಹೊರುವುದಾದರೆ, ಒಂದೊಂದು ಸಲಕ್ಕೆ 25ರಿಂದ 30 ಕೆ.ಜಿ.ಯಂತೆ ನಾಲ್ಕು ಬಾರಿ ಹೋಗಿಬರಬೇಕು. ಕೊಂಬು ಮತ್ತು ಡೇರೆ ಮೊದಲಾದ ಸಾಮಾನುಗಳ ಲೆಕ್ಕ ಬೇರೆ. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟುಬರುವುದು ಈ ರಾಜ್ಯಗಳಲ್ಲಿ ಅಪರಾಧ. ಅಲಾಸ್ಕದಲ್ಲಂತೂ ಮಾಂಸವನ್ನೆಲ್ಲ ಸಾಗಿಸುವವರೆಗೆ ಕೊಂಬನ್ನು ಬೇಟೆಯ ಜಾಗದಿಂದ ಒಯ್ಯುವಂತಿಲ್ಲ. ಕಾನೂನಿನ ಮಾತು ಹಾಗಿರಲಿ, ಒಂದು ಪ್ರಾಣಿಯನ್ನು ಕೊಂದ ಮೇಲೆ ಅದರ ಮಾಂಸ ಕೆಡದಂತೆ ಮನೆಗೆ ತಲುಪಿಸುವುದು ಕೊಂದವರ ಹೊಣೆ. ಆದ್ದರಿಂದ ಹೋಗುವಾಗಿನ 20 ಕೆ.ಜಿ.ಯನ್ನು ಬದಿಗಿಟ್ಟು, ಬರುವಾಗಿನ 35 ಅಥವಾ 40 ಕೆ.ಜಿ.ಯನ್ನು ನೆನೆದು ಪ್ಯಾಕ್ ಆರಿಸಬೇಕು. ಸಾಧಾರಣ ಚಾರಣದ ಪ್ಯಾಕುಗಳು 15ರಿಂದ 20 ಕೆ.ಜಿ.ಯವರೆಗೆ ಹಿತವಾಗಿಯೇ ಇರುತ್ತವೆ, ಅದರಾಚೆಗೆ ಅವುಗಳ ತೆಳುವಾದ ಫ್ರೇಮ್ ಬಾಗುತ್ತದೆ, ಬೆಲ್ಟ್ ಜಾರುತ್ತದೆ, ಭಾರವೆಲ್ಲ ಹೆಗಲಿಗೆ ಬೀಳುತ್ತದೆ.

ಫ್ರೇಮಿನ ಕೆಲಸವೆಂದರೆ ಭಾರವನ್ನು ಹೆಗಲಿನಿಂದ ತಪ್ಪಿಸಿ ಸೊಂಟಕ್ಕೆ ಇಳಿಸುವುದು. 1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯದ ಡಿಕ್ ಕೆಲ್ಟಿ ಅಲ್ಯೂಮಿನಿಯಂ ಕೊಳವೆಯ ಫ್ರೇಮಿಗೆ ಸೊಂಟದ ಬೆಲ್ಟ್ ಜೋಡಿಸಿ ಮಾರಲಾರಂಭಿಸಿದಾಗಿನಿಂದ ಈ ತತ್ತ್ವ ಬದಲಾಗಿಲ್ಲ. ಬದಲಾಗಿರುವುದು ರೂಪ. ಹಿಂದೆ ಚೀಲದ ಹೊರಗೆ ಎದ್ದು ಕಾಣುತ್ತಿದ್ದ ಕೊಳವೆಗಳ ಜಾಗದಲ್ಲಿ ಈಗ ಬೆನ್ನಿಗೆ ಅಂಟಿಕೊಂಡಂತಿರುವ ತೆಳು ಫ್ರೇಮೂ, ಅದರಿಂದ ಬಿಡಿಸಬಹುದಾದ ಚೀಲವೂ ಬಂದಿವೆ. ಮೊಂಟಾನಾದ ಬೋಝ್‌ಮನ್‌ನಲ್ಲಿ ಹುಟ್ಟಿದ ಮಿಸ್ಟರಿ ರಾಂಚ್, ಸ್ಟೋನ್ ಗ್ಲೇಷಿಯರ್, ಐಡಹೊದ ಎಕ್ಸೊ ಮೌಂಟನ್ ಗೇರ್, ಕೊಲರಾಡೊದ ಕಿಫಾರು ಮತ್ತು ಸೀಕ್ ಔಟ್‌ಸೈಡ್ ಈ ಕ್ಷೇತ್ರದಲ್ಲಿ ಹೆಸರಾದ ಕಂಪನಿಗಳು. ಎಕ್ಸೊ ಟೈಟೇನಿಯಂ ಬಳಸಿದರೆ, ಸೀಕ್ ಔಟ್‌ಸೈಡ್ ಅಲ್ಯೂಮಿನಿಯಂ ಕೊಳವೆಯನ್ನು ಉಳಿಸಿಕೊಂಡಿದೆ. ಕಾರ್ಬನ್ ಫೈಬರ್ ಬಳಸುವವರೂ ಇದ್ದಾರೆ. ಯಾವ ಲೋಹ ಎಂಬುದಕ್ಕಿಂತ, ಮೇಲಿನಿಂದ ಕೆಳಕ್ಕೆ ಒತ್ತಿದಾಗ ಫ್ರೇಮ್ ಕುಸಿಯದೆ ನಿಲ್ಲುತ್ತದೆಯೇ ಎಂಬುದು ಮುಖ್ಯ. ಅಂಗಡಿಯಲ್ಲಿ ಪ್ಯಾಕನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಫ್ರೇಮಿನ ಮೇಲ್ತುದಿಯನ್ನು ಎರಡೂ ಅಂಗೈಗಳಿಂದ ಬಲವಾಗಿ ಅದುಮಿ ನೋಡಿ. ಅದು ಬಿಲ್ಲಿನಂತೆ ಬಾಗಿದರೆ ಮಾಂಸದ ಹೊರೆಗೆ ಒದಗುವುದಿಲ್ಲ. ಅಡ್ಡಕ್ಕೆ ತುಸು ತಿರುಚಿಕೊಳ್ಳುವುದು ದೋಷವಲ್ಲ. ಬಿದ್ದ ಮರಗಳನ್ನು ದಾಟುವಾಗ ಸೊಂಟದ ಚಲನೆಗೆ ಫ್ರೇಮ್ ಅಷ್ಟು ಒಗ್ಗಬೇಕು.

ಇನ್ನು ಅಳತೆಯ ವಿಷಯ. ಎಷ್ಟೇ ಒಳ್ಳೆಯ ಫ್ರೇಮ್ ಆದರೂ ಬೆನ್ನಿನ ಉದ್ದಕ್ಕೆ ಹೊಂದದಿದ್ದರೆ ನಿಷ್ಪ್ರಯೋಜಕ, ಮತ್ತು ಬೆನ್ನಿನ ಉದ್ದವನ್ನು ನಿಲುವಿನಿಂದ ಊಹಿಸಲಾಗದು. ಆರಡಿ ಎತ್ತರದವರಿಗೂ ಗಿಡ್ಡ ಬೆನ್ನು, ನೀಳ ಕಾಲು ಇರಬಹುದು. ಅಳೆಯಲು ಇನ್ನೊಬ್ಬರ ನೆರವು ಬೇಕು. ತಲೆಯನ್ನು ಮುಂದಕ್ಕೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎಲ್ಲಕ್ಕಿಂತ ಹೆಚ್ಚು ಉಬ್ಬಿ ಕೈಗೆ ಸಿಗುವ ಮೂಳೆಯೇ ಅಳತೆಯ ಮೇಲ್ತುದಿ. ಬಳಿಕ ಎರಡೂ ಕೈಗಳನ್ನು ಸೊಂಟದ ಮೂಳೆಯ ಮೇಲಂಚಿನ ಮೇಲಿಟ್ಟು, ಹೆಬ್ಬೆರಳುಗಳನ್ನು ಹಿಂದಕ್ಕೆ ಚಾಚಿದರೆ, ಅವೆರಡನ್ನು ಸೇರಿಸುವ ಗೆರೆ ಬೆನ್ನುಮೂಳೆಯನ್ನು ದಾಟುವ ಜಾಗವೇ ಕೆಳತುದಿ. ಈ ಎರಡರ ನಡುವಿನ ಉದ್ದವನ್ನು, ಬೆನ್ನಿನ ಬಾಗನ್ನು ಅನುಸರಿಸಿ, ದರ್ಜಿಗಳು ಬಳಸುವ ಟೇಪಿನಿಂದ ಅಳೆಯಬೇಕು. ಕಂಪನಿಗಳ ಅಳತೆಪಟ್ಟಿಗಳು ಈ ಸಂಖ್ಯೆಯನ್ನೇ ಅಂಗುಲಗಳಲ್ಲಿ ಕೇಳುತ್ತವೆ.

ಬೆನ್ನಿನ ಉದ್ದದ ಜೊತೆಗೆ ಫ್ರೇಮಿನ ಎತ್ತರವನ್ನೂ ಗಮನಿಸಬೇಕು, ಏಕೆಂದರೆ ಬೇಟೆಯ ಪ್ಯಾಕು ಚಾರಣದ ಪ್ಯಾಕಿಗಿಂತ ಮುಖ್ಯವಾಗಿ ಭಿನ್ನವಾಗುವುದು ಇಲ್ಲಿಯೇ. ಹೆಗಲ ಪಟ್ಟಿಯ ಮೇಲ್ಭಾಗದಿಂದ ಫ್ರೇಮಿನ ತುದಿಗೆ ಹೋಗುವ ಚಿಕ್ಕ ಪಟ್ಟಿಗಳಿಗೆ ಲೋಡ್ ಲಿಫ್ಟರ್ ಎನ್ನುತ್ತಾರೆ. ಅವನ್ನು ಎಳೆದಾಗ ಹೊರೆ ಬೆನ್ನಿಗೆ ಹತ್ತಿರವಾಗುತ್ತದೆ, ಹೆಗಲ ಮೇಲಿನ ಒತ್ತಡ ಇಳಿಯುತ್ತದೆ. ಹಾಗಾಗಬೇಕಾದರೆ ಫ್ರೇಮಿನ ತುದಿ ಹೆಗಲಿಗಿಂತ 5ರಿಂದ 10 ಸೆಂಟಿಮೀಟರ್ ಮೇಲಿದ್ದು, ಆ ಪಟ್ಟಿ ಸುಮಾರು 45 ಡಿಗ್ರಿ ಕೋನದಲ್ಲಿ ಮೇಲಕ್ಕೆ ಏರಿರಬೇಕು. ಪಟ್ಟಿ ಅಡ್ಡಲಾಗಿಯೋ ಕೆಳಮುಖವಾಗಿಯೋ ಇದ್ದರೆ ಅದನ್ನು ಎಷ್ಟು ಬಿಗಿದರೂ ಉಪಯೋಗವಿಲ್ಲ. ಬದಲಿಗೆ ಹೆಗಲು ಇನ್ನಷ್ಟು ನೋಯುತ್ತದೆ. ಫ್ರೇಮ್ ಎತ್ತರವಾದಷ್ಟೂ ದಟ್ಟ ಮರಗಳ ನಡುವೆ ಕೊಂಬೆಗಳಿಗೆ ಸಿಕ್ಕಿಕೊಳ್ಳುವುದು ಹೆಚ್ಚು ಎಂಬುದು ನಿಜ. ಆದರೂ 30 ಕೆ.ಜಿ. ದಾಟಿದ ಹೊರೆಗೆ ನಾನು ಎತ್ತರದ ಫ್ರೇಮನ್ನೇ ಸೂಚಿಸುತ್ತೇನೆ.

ಸೊಂಟದ ಬೆಲ್ಟಿನ ನಡುಭಾಗ ಸೊಂಟದ ಮೂಳೆಯ ಮೇಲಂಚಿನ ಮೇಲೆ ಕೂರಬೇಕು. ಹೊಟ್ಟೆಯ ಮೇಲೆ ಕೂತರೆ ಉಸಿರು ಕಟ್ಟುತ್ತದೆ, ತೊಡೆಯ ಕಡೆಗೆ ಇಳಿದರೆ ಹೆಜ್ಜೆ ತೊಡರುತ್ತದೆ. ಬಿಗಿದಾಗ ಮುಂಭಾಗದಲ್ಲಿ ಎರಡೂ ಬದಿಯ ಮೆತ್ತೆಗಳ ನಡುವೆ ನಾಲ್ಕು ಬೆರಳಿನಷ್ಟಾದರೂ ಅಂತರ ಉಳಿಯಬೇಕು. ಮೆತ್ತೆಗಳು ಒಂದಕ್ಕೊಂದು ತಾಗಿದರೆ ಆ ಬೆಲ್ಟ್ ದೊಡ್ಡದಾಯಿತು. ದಿನವಿಡೀ ಬೆಟ್ಟ ಹತ್ತಿ ಸೊಂಟದ ಸುತ್ತಳತೆ ಇಳಿದಾಗ ಬಿಗಿಯಲು ಜಾಗವೇ ಇರುವುದಿಲ್ಲ. ಅತಿ ಮೃದುವಾದ ದಪ್ಪ ಮೆತ್ತೆ ಅಂಗಡಿಯಲ್ಲಿ ಹಿತವೆನಿಸಿದರೂ ಭಾರಕ್ಕೆ ಚಪ್ಪಟೆಯಾಗುವುದರಿಂದ, ಕೊಂಚ ಗಟ್ಟಿಯಾದ, ಸೊಂಟವನ್ನು ಸುತ್ತಿ ಹಿಡಿಯುವ ಬೆಲ್ಟನ್ನು ಆರಿಸುವುದು ಲೇಸು. ಹೆಂಗಸರ ಸೊಂಟದ ಆಕಾರಕ್ಕೆ ತಕ್ಕಂತೆ ಬೆಲ್ಟ್ ಮತ್ತು ಹೆಗಲ ಪಟ್ಟಿಗಳನ್ನು ಬದಲಿಸಿಕೊಡುವ ಕಂಪನಿಗಳಿವೆ. ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಬೇಕು.

ಮಾಂಸ ಹೊರುವ ಪ್ಯಾಕಿನ ವಿಶೇಷ ಅಂಗವೆಂದರೆ ಲೋಡ್ ಶೆಲ್ಫ್. ಫ್ರೇಮಿಗೂ ಚೀಲಕ್ಕೂ ನಡುವೆ ತೆರೆದುಕೊಳ್ಳುವ ಈ ಜಾಗದಲ್ಲಿ ಮಾಂಸವನ್ನಿಟ್ಟರೆ ಅದು ಬೆನ್ನಿಗೆ ಹತ್ತಿರವಿರುತ್ತದೆ, ಚೀಲದೊಳಗಿನ ಸ್ಲೀಪಿಂಗ್ ಬ್ಯಾಗಿಗೆ ರಕ್ತ ತಾಗುವುದಿಲ್ಲ, ಬದಿಯಿಂದ ಗಾಳಿಯೂ ಆಡುತ್ತದೆ. ಒಂದು ಹಿಂದೊಡೆಯನ್ನು ಏರಿಸುವ ಕ್ರಮವನ್ನು ನೋಡೋಣ. ಗಂಡು ಎಲ್ಕಿನ ಮೂಳೆಸಹಿತ ಹಿಂದೊಡೆ ಸಾಮಾನ್ಯವಾಗಿ 25ರಿಂದ 30 ಕೆ.ಜಿ. ತೂಗುತ್ತದೆ. ಗಾಳಿಯಾಡುವ ಬಟ್ಟೆಯ ಗೇಮ್ ಬ್ಯಾಗಿನಲ್ಲಿ ಅದನ್ನು ಹಾಕಿ, ನೆರಳಿನಲ್ಲಿ ತೂಗುಹಾಕಿ, ಮೈಬಿಸಿ ಆರಿದ ಮೇಲೆಯೇ ಹೊರೆ ಕಟ್ಟಬೇಕು. ಬಿಸಿ ಮಾಂಸವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ಸೆಪ್ಟೆಂಬರಿನ ಬಿಸಿಲಿಗೆ ಕೆಡುವುದು ಖಂಡಿತ. ಪ್ಯಾಕನ್ನು ನೆಲದ ಮೇಲೆ ಮಲಗಿಸಿ, ಬದಿಯ ಬಿಗಿಪಟ್ಟಿಗಳನ್ನೆಲ್ಲ ಸಡಿಲಿಸಿ, ಚೀಲವನ್ನು ಫ್ರೇಮಿನಿಂದ ಸರಿಸಿ, ತೊಡೆಯ ದಪ್ಪ ಭಾಗ ಹೆಗಲೆಲುಬುಗಳ ನಡುವೆ ಬರುವಂತೆ ಇಡಬೇಕು. ನಂತರ ಕೆಳಗಿನ ಪಟ್ಟಿಯಿಂದ ಆರಂಭಿಸಿ ಒಂದೊಂದಾಗಿ ಬಿಗಿಯುತ್ತ ಮೇಲಕ್ಕೆ ಬರಬೇಕು, ಎಲ್ಲ ಮುಗಿದ ಮೇಲೆ ಮತ್ತೊಮ್ಮೆ ಕೆಳಗಿನಿಂದ ಬಿಗಿಯಬೇಕು. ಮೂಳೆ ಬಿಡಿಸಿದ ಮಾಂಸ ಹಗುರವಾದರೂ ನಡೆಯುತ್ತ ನಡೆಯುತ್ತ ಚೀಲದ ತಳಕ್ಕೆ ಜರಿಯುವುದರಿಂದ ಅದಕ್ಕೆ ಬಿಗಿ ಇನ್ನೂ ಹೆಚ್ಚು ಬೇಕು. ಕೊಳ್ಳುವಾಗ ಬದಿಗೆ ಎರಡೇ ಪಟ್ಟಿಗಳಿವೆಯೇ, ಮೂರಿವೆಯೇ, ಶೆಲ್ಫಿನ ತಳದಲ್ಲಿ ಮಾಂಸ ಜಾರದಂತೆ ತಡೆಯುವ ಗಟ್ಟಿ ಬಟ್ಟೆಯಿದೆಯೇ ಎಂದು ನೋಡಬೇಕು. ತಳದ ಆಸರೆಯಿಲ್ಲದ ಪ್ಯಾಕಿನಲ್ಲಿ ಹೊರೆ ಇಳಿಜಾರಿನಲ್ಲಿ ಕುಸಿದು ಪಿರ್ರೆಯ ಮೇಲೆ ಕೂರುತ್ತದೆ, ಆಗ ಪ್ರತಿ ಹೆಜ್ಜೆಯೂ ಹಿಂದಕ್ಕೆ ಎಳೆಯುತ್ತದೆ.

ಗಾತ್ರದ ಮಾತಿಗೆ ಈಗ ಬರಬಹುದು. ಅಮೆರಿಕದ ಬೇಟೆಯ ಪ್ಯಾಕುಗಳನ್ನು ಘನ ಅಂಗುಲದಲ್ಲಿ ಅಳೆಯುವುದೇ ಹೆಚ್ಚು. ಒಂದು ಲೀಟರೆಂದರೆ 61 ಘನ ಅಂಗುಲ. ಎರಡು ಮೂರು ದಿನಗಳಿಗೆ 4,500 ಘನ ಅಂಗುಲ, ಅಂದರೆ ಸುಮಾರು 74 ಲೀಟರ್ ಸಾಕು. ಐದರಿಂದ ಏಳು ದಿನಗಳಿಗೆ 5,500ರಿಂದ 6,500, ಅಂದರೆ 90ರಿಂದ 107 ಲೀಟರ್ ಬೇಕಾದೀತು. ಶೆಲ್ಫ್ ಇರುವ ಪ್ಯಾಕಿನಲ್ಲಿ ಮಾಂಸಕ್ಕೆಂದು ಚೀಲದ ಗಾತ್ರವನ್ನು ಹಿಗ್ಗಿಸುವ ಅಗತ್ಯವಿಲ್ಲ. ಚೀಲ ಅರೆ ಖಾಲಿಯಿದ್ದಾಗ ಬದಿಯ ಪಟ್ಟಿಗಳಿಂದ ಅದನ್ನು ಚಪ್ಪಟೆಯಾಗಿ ಬಿಗಿಯಲು ಬರುವಂತಿದ್ದರೆ, ಶಿಬಿರದಿಂದ ದಿನದ ಸುತ್ತಾಟಕ್ಕೂ ಅದೇ ಪ್ಯಾಕ್ ಸಾಕಾಗುತ್ತದೆ.

ಬಟ್ಟೆ, ಜೇಬುಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕಾರ್ಡುರಾ ಎಂಬ ಗಟ್ಟಿ ನೈಲಾನ್ ಬಟ್ಟೆ ಬಾಳಿಕೆ ಬರುತ್ತದೆ, ಕೊಂಬೆ ತಾಗಿದರೆ ಹೆಚ್ಚು ಸದ್ದು ಮಾಡುವುದಿಲ್ಲ, ಆದರೆ ನೀರು ಹೀರುತ್ತದೆ. ಎಕ್ಸ್-ಪ್ಯಾಕ್ ಎಂಬ ಪದರಗಳ ಬಟ್ಟೆ ನೀರು ತಡೆಯುತ್ತದೆ, ಸದ್ದು ಜಾಸ್ತಿ. ಬಿಲ್ಲು ಬೇಟೆಯವರಿಗೆ ಈ ಸದ್ದಿನ ಲೆಕ್ಕ ಮುಖ್ಯ. ಖಾಲಿ ಪ್ಯಾಕಿನ ತೂಕ 2.5ರಿಂದ 3.5 ಕೆ.ಜಿ. ಇದ್ದರೆ ಸರಿ. ಅರ್ಧ ಕೆ.ಜಿ. ಉಳಿಸುವ ಆಸೆಯಿಂದ ತೆಳ್ಳನೆಯ ಬೆಲ್ಟಿನ ಪ್ಯಾಕ್ ಕೊಳ್ಳುವುದು ಸಲ್ಲದು. ಚಳಿಗೆ ಪ್ಲಾಸ್ಟಿಕ್ ಬಕಲುಗಳು ಪೆಡಸಾಗಿ ಮುರಿಯುವುದುಂಟು; ಸೊಂಟದ ಬೆಲ್ಟಿಗೆ ಹೊಂದುವ ಒಂದು ಬಕಲನ್ನು ಹೆಚ್ಚುವರಿಯಾಗಿ ಇಟ್ಟುಕೊಂಡಿರಬೇಕು.

ಸುರಕ್ಷತೆಯ ಎರಡು ಸಂಗತಿಗಳು ಪ್ಯಾಕಿನ ಆಯ್ಕೆಗೆ ನೇರವಾಗಿ ಸಂಬಂಧಿಸಿವೆ. ಬಂದೂಕಿನ ಬೇಟೆಯ ಅವಧಿಯಲ್ಲಿ ಕೊಲರಾಡೊದಲ್ಲಿ ಸೊಂಟದಿಂದ ಮೇಲೆ 500 ಚದರ ಅಂಗುಲ, ಮೊಂಟಾನಾದಲ್ಲಿ 400 ಚದರ ಅಂಗುಲದಷ್ಟು ಹೊಳೆಯುವ ಕಿತ್ತಳೆ ಬಣ್ಣ ಧರಿಸುವುದು ಕಡ್ಡಾಯ; ಕೊಲರಾಡೊದಲ್ಲಿ ಹೊಳೆಯುವ ಗುಲಾಬಿಗೂ ಒಪ್ಪಿಗೆಯಿದೆ. ದೊಡ್ಡ ಪ್ಯಾಕ್ ಹೊತ್ತಾಗ ಅಂಗಿಯ ಹಿಂಬದಿಯ ಬಣ್ಣವೆಲ್ಲ ಮುಚ್ಚಿಹೋಗುವುದರಿಂದ ಪ್ಯಾಕಿಗೂ ಅದೇ ಬಣ್ಣದ ಹೊದಿಕೆ ಹಾಕಬೇಕು. ಕೊಂಬು ಕಟ್ಟಿಕೊಂಡು ಬರುವಾಗ ಅದಕ್ಕೂ ಆ ಬಣ್ಣದ ಪಟ್ಟಿ ಸುತ್ತಬೇಕು. ಮೊಂಟಾನಾ ಮತ್ತು ವಯೋಮಿಂಗಿನ ಗ್ರಿಜ್ಲಿ ಕರಡಿಗಳಿರುವ ಪ್ರದೇಶಗಳಲ್ಲಿ ಕರಡಿಯನ್ನು ಹಿಮ್ಮೆಟ್ಟಿಸುವ ಖಾರದ ಬೇರ್ ಸ್ಪ್ರೇ ಡಬ್ಬಿ ಸೊಂಟದ ಬೆಲ್ಟಿನ ಮೇಲೆಯೋ ಎದೆಯ ಪಟ್ಟಿಯ ಮೇಲೆಯೋ ಕೂಡಲೇ ಕೈಗೆಟಕುವಂತಿರಬೇಕು. ಮಾಂಸದ ವಾಸನೆ ಹೊತ್ತು ನಡೆಯುವವರಿಗೆ ಇದು ಅತ್ಯಗತ್ಯ.

ಇಂಥ ಪ್ಯಾಕುಗಳಿಗೆ ನೂರಾರು ಡಾಲರ್ ತೆರಬೇಕಾಗುವುದರಿಂದ, ಹಿಂದಿರುಗಿಸಲು ಕೊಟ್ಟಿರುವ ಅವಧಿಯೊಳಗೆ ಮನೆಯಲ್ಲೇ ಪರೀಕ್ಷೆ ಮಾಡಿ ಮುಗಿಸಬೇಕು. ಎರಡು ಮರಳಿನ ಚೀಲಗಳನ್ನೋ ನೀರಿನ ಕ್ಯಾನುಗಳನ್ನೋ ಹಳೆಯ ಬಟ್ಟೆಯಲ್ಲಿ ಸುತ್ತಿ, ಪ್ಯಾಕ್ ಕೊಳೆಯಾಗದಂತೆ ಶೆಲ್ಫಿನಲ್ಲಿ ಕಟ್ಟಿ, ಮೊದಲ ದಿನ 15 ಕೆ.ಜಿ., ದೇಹ ಒಗ್ಗಿದಂತೆ 25, ಕೊನೆಗೆ 30ಕ್ಕೆ ಏರಿಸಬೇಕು. ಮೊದಲು ಎಲ್ಲ ಪಟ್ಟಿಗಳನ್ನೂ ಸಡಿಲಿಸಿ, ಪ್ಯಾಕನ್ನು ಹೊತ್ತು, ಸೊಂಟದ ಬೆಲ್ಟನ್ನು ಬಿಗಿದು, ಆಮೇಲೆ ಹೆಗಲ ಪಟ್ಟಿ, ಕೊನೆಗೆ ಲೋಡ್ ಲಿಫ್ಟರುಗಳನ್ನು ಎಳೆಯುವುದು ಸರಿಯಾದ ಕ್ರಮ. ಒಂದು ಗಂಟೆ ಮೆಟ್ಟಿಲು ಹತ್ತಿ ಇಳಿದ ಮೇಲೆ ಹೆಗಲ ಪಟ್ಟಿಯ ಕೆಳಗೆ ಬೆರಳು ತೂರಿಸಿ ನೋಡಿ: ಬೆರಳು ಸರಾಗವಾಗಿ ಹೋದರೆ ಭಾರ ಸೊಂಟದ ಮೇಲಿದೆ ಎಂದರ್ಥ. ಬೆಲ್ಟ್ ಪದೇಪದೇ ಜಾರುತ್ತಿದ್ದರೆ ಮೊದಲು ಬೆನ್ನಿನ ಅಳತೆಯನ್ನು ಒಂದು ಹಂತ ಬದಲಿಸಿ ಮತ್ತೆ ನಡೆಯಬೇಕು. ಆಗಲೂ ಜಾರಿದರೆ ಬೆಲ್ಟಿನ ಗಾತ್ರ ಬದಲಿಸಿ ಕೊಡುವಂತೆ ಕೇಳಬೇಕು. ಅದಕ್ಕೂ ಸರಿಹೋಗದಿದ್ದರೆ ಎಷ್ಟೇ ಹೆಸರಾದ ಕಂಪನಿಯದಾಗಿದ್ದರೂ ಆ ಪ್ಯಾಕನ್ನು ಹಿಂದಿರುಗಿಸಿ ಬೇರೆ ಫ್ರೇಮ್ ನೋಡಬೇಕು.